ಕಾಗದದ ತಿರುಳಿನ ಬಿಳುಪಿಗೆ ಕಿಣ್ವದ ನೆರವು: ಪ್ರಯೋಗಾಲಯದ ಚೀಲದಿಂದ ಗಿರಣಿಯ ಗೋಪುರದವರೆಗೆ

ಕ್ಸೈಲನೇಸ್ ಎಂಬ ಕಿಣ್ವ ಕಾಗದದ ತಿರುಳನ್ನು ತಾನಾಗಿ ಬೆಳ್ಳಗೆ ಮಾಡುವುದಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕಿಣ್ವದ ಪ್ರಯೋಗಕ್ಕೆ ಕೈಹಾಕಿ ನಿರಾಶರಾಗುವವರಲ್ಲಿ ಅನೇಕರು ಕಿಣ್ವ ಬೆರೆಸಿದ ಗಂಟೆಯೊಳಗೆ ಕಂದು ತಿರುಳು ಬಣ್ಣ ಬಿಡುವುದನ್ನು ಕಾಯುತ್ತ ಕುಳಿತವರು. ಕಿಣ್ವ ಮಾಡುವ ಕೆಲಸ ಬೇರೆ. ಮುಂದಿನ ಹಂತದಲ್ಲಿ ಬರುವ ಕ್ಲೋರಿನ್ ಡೈಆಕ್ಸೈಡ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ನಾರಿನೊಳಗೆ ಇಳಿಯುವುದಕ್ಕೂ, ಒಳಗಿರುವ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಅಂಟಿಸಿ ಹಿಡಿದಿಡುವ ವಸ್ತು, ಹೊರಬರುವುದಕ್ಕೂ ಅದು ದಾರಿ ಬಿಡಿಸಿಕೊಡುತ್ತದೆ. ದಾರಿ ಸುಗಮವಾದ ಮೇಲೆ ಅಷ್ಟೇ ಬಿಳುಪಿಗೆ ಕಡಿಮೆ ರಾಸಾಯನಿಕ ಸಾಕಾಗುತ್ತದೆ. ಆದರೆ ಆ ರಾಸಾಯನಿಕದ ಕವಾಟವನ್ನು ಯಾರಾದರೂ ಕೈಯಾರೆ ತಿರುಗಿಸಿ ತಗ್ಗಿಸಿದಾಗ ಮಾತ್ರ ತ್ಯಾಜ್ಯನೀರಿನ ಹೊರೆ ಇಳಿಯುತ್ತದೆ. ಕಿಣ್ವವನ್ನು ಸುರಿದು ಕ್ಲೋರಿನ್ ಡೈಆಕ್ಸೈಡನ್ನು ಮೊದಲಿನಷ್ಟೇ ಬಿಟ್ಟರೆ ತಿರುಳು ಬೇಕಾದ್ದಕ್ಕಿಂತ ತುಸು ಹೆಚ್ಚು ಬೆಳ್ಳಗಾಗುತ್ತದೆ, ಖರ್ಚು ಹೆಚ್ಚುತ್ತದೆ, ಮಾಲಿನ್ಯ ಇದ್ದಲ್ಲಿಯೇ ಇರುತ್ತದೆ. ಮುಂದೆ ವಿವರಿಸುವ ಕ್ರಮವೆಲ್ಲ ಆ ಕವಾಟವನ್ನು ಎಷ್ಟು ತಿರುಗಿಸಬಹುದು ಎಂಬುದನ್ನು ಧೈರ್ಯವಾಗಿ ತಿಳಿದುಕೊಳ್ಳಲು.

ಬಣ್ಣ ಮತ್ತು ಹೊರೆ ಬರುವ ಬಗೆ

ಕ್ರಾಫ್ಟ್ ವಿಧಾನದಲ್ಲಿ ಮರದ ಚೂರುಗಳನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸುತ್ತಾರೆ. ಮರದ ಲಿಗ್ನಿನ್‌ನ ಬಹುಪಾಲು ಇಲ್ಲಿಯೇ ಕರಗಿ ಕಪ್ಪು ದ್ರಾವಣದೊಂದಿಗೆ ಹೊರಹೋಗುತ್ತದೆ. ಉಳಿದ ಕೆಲವು ಶೇಕಡ ಲಿಗ್ನಿನ್, ಬೇಯುವಾಗ ತನ್ನ ರೂಪ ಬದಲಿಸಿಕೊಂಡು, ತಿರುಳಿಗೆ ಕಂದು ಬಣ್ಣ ಕೊಡುತ್ತದೆ. ಅದರ ಅಳತೆಗೆ ಕಪ್ಪಾ ಸಂಖ್ಯೆ ಎಂದು ಹೆಸರು. ಪೊಟ್ಯಾಸಿಯಂ ಪರ್ಮಾಂಗನೇಟನ್ನು ತಿರುಳು ಎಷ್ಟು ಬಳಸಿಕೊಳ್ಳುತ್ತದೆ ಎಂಬುದರಿಂದ ಅದನ್ನು ಕಂಡುಕೊಳ್ಳುತ್ತಾರೆ. ಕಪ್ಪಾ ಸಂಖ್ಯೆಯನ್ನು 0.15ರಿಂದ ಗುಣಿಸಿದರೆ ತಿರುಳಿನಲ್ಲಿ ಉಳಿದಿರುವ ಲಿಗ್ನಿನ್‌ನ ಶೇಕಡ ಪ್ರಮಾಣ ಸ್ಥೂಲವಾಗಿ ದೊರೆಯುತ್ತದೆ.

ಈ ಲಿಗ್ನಿನ್‌ನೊಂದಿಗೆ ಕ್ಲೋರಿನ್ ಸೇರಿದಾಗ ಕ್ಲೋರಿನ್ ಹೊತ್ತ ಫೀನಾಲುಗಳು, ಕ್ಲೋರೋಫಾರ್ಮ್ ಮೊದಲಾದ ನೂರಾರು ಸಂಯುಕ್ತಗಳು ಹುಟ್ಟುತ್ತವೆ. 1980ರ ದಶಕದಲ್ಲಿ ಬಿಳುಪು ಘಟಕಗಳ ತ್ಯಾಜ್ಯನೀರಿನಲ್ಲಿ ಅತಿ ವಿಷಕಾರಿಯಾದ ಡೈಆಕ್ಸಿನ್‌ಗಳು ಪತ್ತೆಯಾದ ಮೇಲೆಯೇ ಕ್ಲೋರಿನ್ ಅನಿಲವನ್ನು ಬಿಟ್ಟು ಕ್ಲೋರಿನ್ ಡೈಆಕ್ಸೈಡಿನತ್ತ ಹೊರಳುವ ಕೆಲಸ ವೇಗ ಪಡೆದದ್ದು. ಈ ಸಂಯುಕ್ತಗಳನ್ನು ಒಟ್ಟಾಗಿ ಅಳೆಯುವ ಮಾನಕ್ಕೆ ಎಒಎಕ್ಸ್ ಎನ್ನುತ್ತಾರೆ. ನೀರಿನಲ್ಲಿರುವ, ಸಕ್ರಿಯ ಇದ್ದಿಲಿಗೆ ಅಂಟಿಕೊಳ್ಳುವ ಸಾವಯವ ಹ್ಯಾಲೊಜೆನ್‌ಗಳ ಲೆಕ್ಕ ಅದು. ಉತ್ಕರ್ಷಣ ಸಾಮರ್ಥ್ಯದಲ್ಲಿ ಸಮವಾದ ಪ್ರಮಾಣವನ್ನು ತೆಗೆದುಕೊಂಡರೆ, ಕ್ಲೋರಿನ್ ಡೈಆಕ್ಸೈಡಿನಿಂದ ಹುಟ್ಟುವ ಎಒಎಕ್ಸ್ ಕ್ಲೋರಿನ್ನಿನಿಂದ ಹುಟ್ಟುವುದರ ಸುಮಾರು ಐದರಲ್ಲೊಂದು ಪಾಲು. ಆದ್ದರಿಂದ ಇನ್ನೂ ಕ್ಲೋರಿನ್ ಅನಿಲ ಬಳಸುತ್ತಿರುವ ಗಿರಣಿಗೆ ನನ್ನ ಮೊದಲ ಸಲಹೆ ಕಿಣ್ವವಲ್ಲ, ಅನಿಲವನ್ನು ಬಿಡುವುದು. ಅದಾದ ಮೇಲೆ ಉಳಿಯುವ ಹೊರೆಯನ್ನು ಇನ್ನಷ್ಟು ಇಳಿಸಲು, ತಿರುಳನ್ನು ಹಿಡಿದಿಡುವ ಹೊಸ ಗೋಪುರಗಳನ್ನು ಕಟ್ಟದೆ ಸಾಧ್ಯವಾಗುವ ಉಪಾಯಗಳಲ್ಲಿ ಕ್ಸೈಲನೇಸ್ ಮುಖ್ಯವಾದದ್ದು.

ಕ್ಸೈಲಾನ್ ಎಂಬುದು ನಾರಿನಲ್ಲಿ ಸೆಲ್ಯುಲೋಸಿನ ಜೊತೆಗಿರುವ, ಕ್ಸೈಲೋಸ್ ಸಕ್ಕರೆಯ ಕಣಗಳಿಂದ ಕೋದ ಸರಪಳಿ. ಬೇಯಿಸುವ ಆರಂಭದಲ್ಲಿ, ಕ್ಷಾರ ಹೆಚ್ಚಿರುವಾಗ, ಅದರಲ್ಲೊಂದಿಷ್ಟು ಕರಗುತ್ತದೆ. ಕೊನೆಯಲ್ಲಿ ಕ್ಷಾರ ಇಳಿದಂತೆ, ಕವಲುಗಳನ್ನು ಕಳೆದುಕೊಂಡ ಆ ಸರಪಳಿ ಮತ್ತೆ ನಾರಿನ ಮೇಲ್ಮೈಗೆ ಬಂದು ಕೂರುತ್ತದೆ. ಹಾಲು ಕಾಯಿಸಿದ ಪಾತ್ರೆ ಆರುವಾಗ ಕೆನೆ ಕಟ್ಟುವ ಹಾಗೆ ಎಂದು ಊಹಿಸಿಕೊಳ್ಳಬಹುದು. ಈ ಪದರದ ಕೆಳಗೆ ಲಿಗ್ನಿನ್ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಲಿಗ್ನಿನ್‌ನ ಸ್ವಲ್ಪ ಭಾಗ ಕ್ಸೈಲಾನಿಗೇ ರಾಸಾಯನಿಕ ಬಂಧದಿಂದ ಅಂಟಿಕೊಂಡಿರುತ್ತದೆ. ಕ್ಸೈಲನೇಸ್ ಈ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಪದರ ಸಡಿಲವಾಗುತ್ತದೆ, ಅಂಟಿದ ಲಿಗ್ನಿನ್ ತುಣುಕುಗಳು ಚಿಕ್ಕವಾಗಿ ಸುಲಭವಾಗಿ ತೊಳೆದುಹೋಗುತ್ತವೆ. 1986ರಲ್ಲಿ ಫಿನ್ಲೆಂಡಿನ ಲೀಸಾ ವೀಕಾರಿ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಮೊದಲಿಗೆ ವರದಿ ಮಾಡಿದ ಮೇಲೆ ಕೆಲವೇ ವರ್ಷಗಳಲ್ಲಿ ಗಿರಣಿಗಳಲ್ಲಿ ಇದರ ಬಳಕೆ ಶುರುವಾಯಿತು.

ಲ್ಯಾಕೇಸ್ ಎಂಬ ಇನ್ನೊಂದು ಕಿಣ್ವವೂ ಇದೆ. ಅದು ನೇರವಾಗಿ ಲಿಗ್ನಿನ್‌ನ ಮೇಲೆಯೇ ಕೈಯಿಡುತ್ತದೆಯಾದರೂ, ಅದಕ್ಕೆ ಆಮ್ಲಜನಕವೂ ಮಧ್ಯವರ್ತಿಯಾಗಿ ಓಡಾಡುವ ಚಿಕ್ಕ ಅಣುವೊಂದೂ ಬೇಕು. ಆ ಮಧ್ಯವರ್ತಿಗಳು ದುಬಾರಿ, ಕೆಲವು ವಿಷಕಾರಿಯೂ ಹೌದು. ಈ ಬರಹ ಅದರ ಗೊಡವೆಗೆ ಹೋಗುವುದಿಲ್ಲ.

ಕಿಣ್ವವನ್ನು ಆರಿಸುವಾಗ

ಮೊದಲು ನೋಡಬೇಕಾದದ್ದು ಅದರಲ್ಲಿ ಸೆಲ್ಯುಲೇಸ್ ಬೆರೆತಿದೆಯೇ ಎಂಬುದನ್ನು. ಕ್ಸೈಲನೇಸ್ ತಯಾರಿಸುವ ಶಿಲೀಂಧ್ರಗಳಲ್ಲಿ ಹಲವು, ಮುಖ್ಯವಾಗಿ ಟ್ರೈಕೋಡರ್ಮ ಜಾತಿಯವು, ಸೆಲ್ಯುಲೋಸನ್ನು ಕಡಿಯುವ ಕಿಣ್ವಗಳನ್ನೂ ಹೇರಳವಾಗಿ ತಯಾರಿಸುತ್ತವೆ. ಸೆಲ್ಯುಲೋಸ್ ಕಡಿದರೆ ಕಾಗದದ ಬಲವೇ ಹೋಗುತ್ತದೆ. ಮಾರಾಟಗಾರರ ಕಾಗದದಲ್ಲಿ ಸೆಲ್ಯುಲೇಸ್ ಇಲ್ಲವೆಂದು ಬರೆದಿದ್ದರೂ ಅದನ್ನು ತಿರುಳಿನ ಸ್ನಿಗ್ಧತೆಯನ್ನು, ಅಂದರೆ ತಿರುಳನ್ನು ಕರಗಿಸಿದ ದ್ರಾವಣ ಎಷ್ಟು ಮಂದವಾಗಿದೆ ಎಂಬುದನ್ನು, ಅಳೆದು ತಾಳೆ ನೋಡಬೇಕು. ಇಲ್ಲೊಂದು ಸೂಕ್ಷ್ಮವಿದೆ: ಶುದ್ಧ ಕ್ಸೈಲನೇಸ್ ಹಾಕಿದ ತಿರುಳಿನ ಸ್ನಿಗ್ಧತೆ ಇದ್ದಷ್ಟೇ ಇರುತ್ತದೆ ಅಥವಾ ಸ್ವಲ್ಪ ಏರುತ್ತದೆ, ಏಕೆಂದರೆ ಗಿಡ್ಡ ಸರಪಳಿಯ ಕ್ಸೈಲಾನ್ ತೊಲಗಿ ಉದ್ದ ಸರಪಳಿಯ ಸೆಲ್ಯುಲೋಸಿನ ಪಾಲು ಹೆಚ್ಚಿರುತ್ತದೆ. ಸ್ನಿಗ್ಧತೆ ಸ್ಪಷ್ಟವಾಗಿ ಇಳಿದಿದ್ದರೆ ಆ ಡಬ್ಬವನ್ನು ಹಿಂದಿರುಗಿಸುವುದೇ ಸರಿ.

ಎರಡನೆಯದು ಪಿಎಚ್ ಮತ್ತು ಉಷ್ಣತೆ. ತೊಳೆದು ಬಂದ ಕಂದು ತಿರುಳು ಸಾಮಾನ್ಯವಾಗಿ 10ರ ಆಸುಪಾಸಿನ ಪಿಎಚ್‌ನಲ್ಲಿ, 60 ಡಿಗ್ರಿ ಅಥವಾ ಅದಕ್ಕೂ ಬಿಸಿಯಾಗಿ ಇರುತ್ತದೆ. ಹಳೆಯ ಬಗೆಯ ಶಿಲೀಂಧ್ರ ಕಿಣ್ವಗಳಿಗೆ 5ರಿಂದ 6ರ ಪಿಎಚ್ ಮತ್ತು 50 ಡಿಗ್ರಿ ಹಿತ. ಅವುಗಳಿಗಾಗಿ ಟನ್ನುಗಟ್ಟಲೆ ತಿರುಳಿಗೆ ಆಮ್ಲ ಸುರಿಯಬೇಕಾಗುತ್ತದೆ. ಕ್ಷಾರವನ್ನೂ ಬಿಸಿಯನ್ನೂ ತಾಳುವ ಬ್ಯಾಕ್ಟೀರಿಯಾ ಮೂಲದ ಕಿಣ್ವಗಳು 8ರಿಂದ 9ರ ಪಿಎಚ್‌ನಲ್ಲೂ 60ರಿಂದ 70 ಡಿಗ್ರಿಯಲ್ಲೂ ಕೆಲಸ ಮಾಡುತ್ತವೆ. ಲೀಟರಿಗೆ ಹೆಚ್ಚು ಬೆಲೆಯಾದರೂ ನಾನು ಎರಡನೆಯ ಬಗೆಯನ್ನೇ ಆರಿಸುತ್ತೇನೆ: ಆಮ್ಲದ ಖರ್ಚು, ಉಕ್ಕಿನ ಸವೆತ, ಮುಂದೆ ಹೇಳಲಿರುವ ಅನಿಲದ ಅಪಾಯ ಮೂರೂ ಅದರಿಂದ ಕಡಿಮೆಯಾಗುತ್ತವೆ.

ಮೂರನೆಯದು ಬಲದ ಲೆಕ್ಕ. ಕಿಣ್ವದ ಒಂದು ಘಟಕವೆಂದರೆ, ನಿಗದಿತ ಪಿಎಚ್ ಮತ್ತು ಉಷ್ಣತೆಯಲ್ಲಿ ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಕ್ಸೈಲೋಸಿಗೆ ಸಮನಾದ ಸಕ್ಕರೆಯನ್ನು ಕ್ಸೈಲಾನಿನಿಂದ ಬಿಡಿಸುವಷ್ಟು ಕಿಣ್ವ. ಆ ‘ನಿಗದಿತ’ ಎಂಬ ಮಾತಿನಲ್ಲಿಯೇ ಗುಟ್ಟಿರುವುದು. ಒಬ್ಬರು 50 ಡಿಗ್ರಿಯಲ್ಲಿ, ಇನ್ನೊಬ್ಬರು 70 ಡಿಗ್ರಿಯಲ್ಲಿ ಅಳೆದಿರುತ್ತಾರೆ. ಒಬ್ಬರು 5ರ ಪಿಎಚ್‌ನಲ್ಲಿ, ಇನ್ನೊಬ್ಬರು 8ರಲ್ಲಿ. ಎರಡು ಡಬ್ಬಗಳ ಮೇಲಿನ ಅಂಕಿಗಳನ್ನು ಹಾಗೆಯೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ನಿಮ್ಮ ಗೋಪುರದ ಪಿಎಚ್ ಮತ್ತು ಉಷ್ಣತೆಯಲ್ಲಿ, ಡಿಎನ್ಎಸ್ ವಿಧಾನದಿಂದ (ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದ ಬದಲಾವಣೆಯಿಂದ ಅಳೆಯುವ ವಿಧಾನ) ಒಂದೇ ದಿನ ಅಳೆದು ಆಮೇಲೆ ಬೆಲೆ ಕಟ್ಟಿ.

ಪ್ರಯೋಗಾಲಯದಲ್ಲಿ

ತಿರುಳಿನ ಮಾದರಿಯನ್ನು ಗಿರಣಿಯ ಕೊನೆಯ ತೊಳೆಯುವ ಡ್ರಮ್‌ನಿಂದಲೇ ತನ್ನಿ. ಪ್ರಯೋಗಾಲಯದಲ್ಲಿ ಅದನ್ನು ಶುಭ್ರವಾಗಿ ಮತ್ತೆ ತೊಳೆದು ಪರೀಕ್ಷಿಸಿದರೆ ಫಲಿತಾಂಶ ಚೆನ್ನಾಗಿ ಕಾಣುತ್ತದೆ, ಆದರೆ ಗಿರಣಿಯಲ್ಲಿ ಅಂಥ ತಿರುಳು ಇರುವುದಿಲ್ಲ. ಹಾಗೆಂದು ತೊಳೆದ ಮಾದರಿ ವ್ಯರ್ಥವೆಂದಲ್ಲ. ತೊಳೆದದ್ದಕ್ಕೂ ತೊಳೆಯದ್ದಕ್ಕೂ ಇರುವ ಅಂತರ ನಿಮ್ಮ ತೊಳೆಯುವ ಯಂತ್ರಗಳ ಸ್ಥಿತಿಯನ್ನೇ ತಿಳಿಸುತ್ತದೆ. ಮಾದರಿಯನ್ನು ಹಿಂಡಿ, ಕೈಯಿಂದ ಚೂರು ಮಾಡಿ, ಮುಚ್ಚಿದ ಚೀಲದಲ್ಲಿ 4 ಡಿಗ್ರಿಯ ತಂಪಿನಲ್ಲಿಡಿ. ಸ್ವಲ್ಪ ಭಾಗವನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಒಣ ಅಂಶವನ್ನು ಕಂಡುಕೊಳ್ಳಿ, ಕಪ್ಪಾ ಸಂಖ್ಯೆಯನ್ನೂ ಸ್ನಿಗ್ಧತೆಯನ್ನೂ ಅಳೆದಿಡಿ.

ಒಂದು ಚೀಲಕ್ಕೆ 50 ಗ್ರಾಂ ಒಣ ನಾರು ಬೇಕೆಂದಿಟ್ಟುಕೊಳ್ಳೋಣ. ನಿಮ್ಮ ಮಾದರಿಯಲ್ಲಿ ಒಣ ಅಂಶ ಶೇ. 25 ಇದ್ದರೆ 200 ಗ್ರಾಂ ಹಸಿ ತಿರುಳನ್ನು ತೂಗಬೇಕು. ನೂರು ಭಾಗ ಮಿಶ್ರಣದಲ್ಲಿ ಹತ್ತು ಭಾಗ ಒಣ ನಾರು ಇರಬೇಕಾದರೆ ಒಟ್ಟು ತೂಕ 500 ಗ್ರಾಂ ಆಗಬೇಕು. ಅಂದರೆ ನೀರು, ಆಮ್ಲ, ಕಿಣ್ವ ಎಲ್ಲ ಸೇರಿ ಇನ್ನು 300 ಗ್ರಾಂ ಹೋಗಬೇಕು. ಒಣ ನಾರಿನ ಗ್ರಾಂ ಒಂದಕ್ಕೆ 5 ಘಟಕದಂತೆ 250 ಘಟಕ ಕಿಣ್ವ ಬೇಕು. ಮಿಲಿಲೀಟರಿಗೆ 5,000 ಘಟಕವಿರುವ ದ್ರಾವಣವಾದರೆ ಅದು ಬರೀ 0.05 ಮಿಲಿಲೀಟರ್, ಒಂದು ಹನಿ. ಆ ಒಂದು ಹನಿಯನ್ನು ಅರ್ಧ ಕಿಲೋ ತಿರುಳಿಗೆ ಸಮನಾಗಿ ಹಂಚುವುದು ಯಾರಿಂದಲೂ ಆಗದು. ಆದ್ದರಿಂದ ಕಿಣ್ವವನ್ನು ನೂರು ಪಟ್ಟು ತೆಳುಗೊಳಿಸಿ, 5 ಮಿಲಿಲೀಟರ್ ತೆಗೆದು, ಚೀಲಕ್ಕೆ ಹೋಗಲಿರುವ ನೀರಿನಲ್ಲಿ ಬೆರೆಸಿ ಸುರಿಯಿರಿ. ತೆಳುಗೊಳಿಸಿದ ಕಿಣ್ವವನ್ನು ನಾಳೆಗೆಂದು ಎತ್ತಿಡಬೇಡಿ. ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಕಿಣ್ವಕ್ಕಿಂತ ಮೊದಲು ಪಿಎಚ್ ಸರಿಪಡಿಸಬೇಕು, ಮತ್ತು ಇಲ್ಲಿ ಅವಸರ ಕೂಡದು. ತೆಳು ಸಲ್ಫ್ಯೂರಿಕ್ ಆಮ್ಲವನ್ನು ಹಾಕಿ ಕಲಸಿ, ಒಂದು ಹಿಡಿ ತಿರುಳನ್ನು ಹಿಂಡಿ, ಇಳಿದ ನೀರಿನಲ್ಲಿ ಪಿಎಚ್ ನೋಡಿದರೆ 8 ತೋರಿಸುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹಿಂಡಿ ನೋಡಿದರೆ 9 ಸಮೀಪಿಸಿರುತ್ತದೆ. ನಾರಿನ ಗೋಡೆಯೊಳಗೆ ಅವಿತಿದ್ದ ಕ್ಷಾರ ಮೆಲ್ಲಗೆ ಹೊರಬರುವುದೇ ಇದಕ್ಕೆ ಕಾರಣ. ಎರಡು ಸಲ ಹಿಂಡಿದಾಗಲೂ ಒಂದೇ ಅಂಕಿ ಬರುವವರೆಗೆ ತಾಳ್ಮೆಯಿಂದ ಮುಂದುವರಿಯಿರಿ. ಕಿಣ್ವ ಕೆಲಸ ಮಾಡಲಿಲ್ಲವೆಂಬ ದೂರುಗಳಲ್ಲಿ ಎಷ್ಟೋ ಈ ಹತ್ತು ನಿಮಿಷದ ಅವಸರದಿಂದ ಹುಟ್ಟಿದವು.

ದಪ್ಪ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಾಯಿ ಬಿಗಿದು, ಕಿಣ್ವಕ್ಕೆ ಹೊಂದುವ ಉಷ್ಣತೆಯ ಬಿಸಿನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಮುಳುಗಿಸಿಡಿ. ಹದಿನೈದು ನಿಮಿಷಕ್ಕೊಮ್ಮೆ ತೆಗೆದು, ಚಪಾತಿ ಹಿಟ್ಟು ನಾದುವಂತೆ ಹೊರಗಿನಿಂದ ನಾದಬೇಕು. ಇದರ ಜೊತೆಗೇ ಇನ್ನೆರಡು ಚೀಲಗಳು ಇರಲೇಬೇಕು. ಒಂದರಲ್ಲಿ ಎಲ್ಲವೂ ಅದೇ, ಕಿಣ್ವ ಮಾತ್ರ ಇಲ್ಲ. ಇನ್ನೊಂದರಲ್ಲಿ ಕುದಿಸಿ ಸತ್ವ ಕೆಡಿಸಿದ ಕಿಣ್ವ. ಈ ಎರಡನೆಯದು ಏಕೆಂದರೆ, ಮಾರುಕಟ್ಟೆಯ ಕಿಣ್ವದಲ್ಲಿ ಕಿಣ್ವದ ಜೊತೆ ಸಕ್ಕರೆ, ಲವಣ, ಸಂರಕ್ಷಕಗಳೂ ಇರುತ್ತವೆ. ತಿರುಳಿನಲ್ಲಿ ಕಂಡ ಬದಲಾವಣೆ ಅವುಗಳಿಂದ ಬಂದದ್ದಲ್ಲವೆಂದು ಖಚಿತವಾಗಬೇಕು. ಬಿಸಿ ತಾಳುವ ಕಿಣ್ವವಾದರೆ ಕುದಿಸಿದ ಮೇಲೂ ಅದರ ಸತ್ವ ಉಳಿದಿರಬಹುದು, ಅಳೆದು ನೋಡಿಯೇ ಬಳಸಿ.

ಗಂಟೆಯಾದ ಮೇಲೆ ಮೂರೂ ಚೀಲಗಳನ್ನು ಬೇರೆಬೇರೆಯಾಗಿ ಸೋಸಿ, ಸೋಸಿದ ನೀರನ್ನು ಗಾಜಿನ ಲೋಟಗಳಲ್ಲಿ ಬೆಳಕಿಗೆ ಹಿಡಿಯಿರಿ. ಕಿಣ್ವ ಕೆಲಸ ಮಾಡಿದ್ದರೆ ಅದರ ನೀರು ಹೋಲಿಕೆಯ ಚೀಲಗಳ ನೀರಿಗಿಂತ ಕಡುವಾಗಿ, ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅಂಕಿಯಲ್ಲಿ ಬೇಕೆಂದರೆ 280 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ಅಳೆಯಿರಿ, ಲಿಗ್ನಿನ್ ತುಣುಕುಗಳು ಅಲ್ಲಿ ಕಾಣುತ್ತವೆ. ಬಿಡುಗಡೆಯಾದ ಸಕ್ಕರೆಯನ್ನು ಡಿಎನ್ಎಸ್ ವಿಧಾನ ತೋರಿಸುತ್ತದೆ. ತಿರುಳಿನ ಕಪ್ಪಾ ಸಂಖ್ಯೆ ಮಾತ್ರ ಅಷ್ಟಾಗಿ ಇಳಿದಿರುವುದಿಲ್ಲ, ಒಂದೆರಡು ಅಂಕ ಇಳಿದರೆ ಹೆಚ್ಚು. ಅದೂ ಪೂರ್ತಿ ಲಿಗ್ನಿನ್‌ನದಲ್ಲ. ಬೇಯುವಾಗ ಕ್ಸೈಲಾನಿನ ಕವಲುಗಳಿಂದ ಹುಟ್ಟುವ ಹೆಕ್ಸೆನ್ಯುರೋನಿಕ್ ಆಮ್ಲವೂ ಪರ್ಮಾಂಗನೇಟನ್ನು ಕಬಳಿಸಿ ಕಪ್ಪಾ ಸಂಖ್ಯೆಯಲ್ಲಿ ಸೇರಿಕೊಂಡಿರುತ್ತದೆ. ನೀಲಗಿರಿಯಂಥ ಅಗಲ ಎಲೆಯ ಮರಗಳ ತಿರುಳಿನಲ್ಲಿ ಇದರ ಪಾಲು ದೊಡ್ಡದು. ಕ್ಸೈಲಾನಿನ ಜೊತೆ ಅದೂ ಸ್ವಲ್ಪ ತೊಲಗುವುದು ಲಾಭವೇ, ಏಕೆಂದರೆ ಅದು ಕ್ಲೋರಿನ್ ಡೈಆಕ್ಸೈಡನ್ನೂ ತಿನ್ನುತ್ತದೆ.

ನಿಜವಾದ ಪರೀಕ್ಷೆ ಬಿಳುಪಿನ ಹಂತಗಳಲ್ಲಿದೆ. ಮೊದಲ ಕ್ಲೋರಿನ್ ಡೈಆಕ್ಸೈಡ್ ಹಂತ, ಕ್ಷಾರದಿಂದ ಕರಗಿಸುವ ಹಂತ, ಎರಡನೆಯ ಕ್ಲೋರಿನ್ ಡೈಆಕ್ಸೈಡ್ ಹಂತ, ಈ ಮೂರನ್ನು ನಿಮ್ಮ ಗಿರಣಿಯ ಉಷ್ಣತೆ, ಪಿಎಚ್, ಅವಧಿಗಳಲ್ಲೇ ನಡೆಸಿ. ಕ್ಲೋರಿನ್ ಡೈಆಕ್ಸೈಡಿನ ದ್ರಾವಣವನ್ನು ತಂಪಾಗಿ, ಕತ್ತಲಲ್ಲಿ, ಹೊಗೆಗೂಡಿನೊಳಗೇ ಇಡಬೇಕು. ಗಾಳಿಯಲ್ಲಿ ಅದರ ಪಾಲು ಶೇ. 10 ದಾಟಿದರೆ ಸಿಡಿಯಬಲ್ಲದು.

ಮೊದಲ ಹಂತದ ಪ್ರಮಾಣವನ್ನು ಕಪ್ಪಾ ಗುಣಕದಿಂದ ನಿರ್ಧರಿಸುತ್ತಾರೆ. ಕಪ್ಪಾ ಸಂಖ್ಯೆಯನ್ನು ಈ ಗುಣಕದಿಂದ ಗುಣಿಸಿದರೆ ಬೇಕಾದ ಸಕ್ರಿಯ ಕ್ಲೋರಿನ್, ಅಂದರೆ ಉತ್ಕರ್ಷಣ ಸಾಮರ್ಥ್ಯದಲ್ಲಿ ಸಮವಾದ ಕ್ಲೋರಿನ್ನಿನ ಲೆಕ್ಕ, ಶೇಕಡದಲ್ಲಿ ಸಿಗುತ್ತದೆ. ಕಪ್ಪಾ ಸಂಖ್ಯೆ 16, ಗುಣಕ 0.22 ಆದರೆ ಸಕ್ರಿಯ ಕ್ಲೋರಿನ್ ಒಣ ನಾರಿನ ಶೇ. 3.52, ಅಂದರೆ ಟನ್ನಿಗೆ 35.2 ಕಿಲೋಗ್ರಾಂ. ಒಂದು ಕಿಲೋ ಕ್ಲೋರಿನ್ ಡೈಆಕ್ಸೈಡ್ 2.63 ಕಿಲೋ ಸಕ್ರಿಯ ಕ್ಲೋರಿನ್ನಿಗೆ ಸಮ. ಆದ್ದರಿಂದ ಟನ್ನಿಗೆ 13.4 ಕಿಲೋ ಕ್ಲೋರಿನ್ ಡೈಆಕ್ಸೈಡ್. ಕಿಣ್ವ ಹಾಕದ ತಿರುಳನ್ನು 0.20, 0.22, 0.24 ಗುಣಕಗಳಲ್ಲಿ, ಕಿಣ್ವ ಹಾಕಿದ್ದನ್ನು 0.16, 0.18, 0.20, 0.22ರಲ್ಲಿ ಬಿಳುಪಿಸಿ, ಅಡ್ಡ ಗೆರೆಯಲ್ಲಿ ಸಕ್ರಿಯ ಕ್ಲೋರಿನ್, ಲಂಬ ಗೆರೆಯಲ್ಲಿ ಕೊನೆಯ ಬಿಳುಪು ಇಟ್ಟು ಎರಡು ವಕ್ರರೇಖೆ ಎಳೆಯಿರಿ. ನಿಮಗೆ ಬೇಕಾದ ಬಿಳುಪಿನ ಮಟ್ಟದಲ್ಲಿ ಎರಡು ರೇಖೆಗಳ ನಡುವಿನ ಅಡ್ಡ ಅಂತರವೇ ಉಳಿತಾಯ. ಗುಣಕ 0.22ರಿಂದ 0.19ಕ್ಕೆ ಇಳಿದಿತೆನ್ನಿ, ಟನ್ನಿಗೆ ಸುಮಾರು 1.8 ಕಿಲೋ, ದಿನಕ್ಕೆ 200 ಟನ್ ತಿರುಳಿಗೆ ಸುಮಾರು 365 ಕಿಲೋ ಕ್ಲೋರಿನ್ ಡೈಆಕ್ಸೈಡ್ ಉಳಿಯುತ್ತದೆ. ಶೇಕಡವಾರು ಇದು ಹದಿಮೂರೂವರೆ. ಸಾಮಾನ್ಯವಾಗಿ ಸಿಗುವ 10ರಿಂದ 20ರ ನಡುವೆಯೇ ಬೀಳುತ್ತದೆ. ಒಂದು ಎಚ್ಚರ: ಎಲ್ಲ ಚೀಲಗಳಿಗೂ ಕಿಣ್ವ ಹಾಕದ ತಿರುಳಿನ ಕಪ್ಪಾ ಸಂಖ್ಯೆಯಿಂದಲೇ ಪ್ರಮಾಣ ಲೆಕ್ಕ ಹಾಕಿ. ಕಿಣ್ವ ಹಾಕಿದ್ದರ ತಗ್ಗಿದ ಕಪ್ಪಾ ಸಂಖ್ಯೆಯನ್ನು ಬಳಸಿದರೆ ಯಾವ ಗುಣಕ ಯಾವುದಕ್ಕೆ ಸಮ ಎಂಬುದೇ ಗೊಂದಲವಾಗಿ, ಉಳಿತಾಯದ ಒಂದು ಭಾಗ ಕಣ್ಮರೆಯಾಗುತ್ತದೆ ಇಲ್ಲವೇ ಎರಡು ಸಲ ಎಣಿಕೆಯಾಗುತ್ತದೆ.

ಕಿಣ್ವದ ಪ್ರಮಾಣವನ್ನೂ ಎರಡು, ಐದು, ಹತ್ತು ಘಟಕಗಳಲ್ಲಿ ಬದಲಿಸಿ ನೋಡಿ. ಒಂದು ಮಟ್ಟ ದಾಟಿದ ಮೇಲೆ ಬಿಳುಪು ಏರುವುದಿಲ್ಲ, ಕರಗುವ ಕ್ಸೈಲಾನ್ ಮಾತ್ರ ಏರುತ್ತದೆ. ನಾರುಗಳು ಪರಸ್ಪರ ಅಂಟಿಕೊಳ್ಳಲು ಕ್ಸೈಲಾನ್ ನೆರವಾಗುವುದರಿಂದ ಅತಿಯಾದ ಕಿಣ್ವ ಕಾಗದದ ಎಳೆತದ ಬಲಕ್ಕೂ ಏಟು.

ಗಿರಣಿಗೆ ಇಳಿಸುವಾಗ

ಹೆಚ್ಚಿನ ಗಿರಣಿಗಳಲ್ಲಿ ಕೊನೆಯ ತೊಳೆಯುವ ಡ್ರಮ್‌ಗೂ ಬಿಳುಪು ಘಟಕಕ್ಕೂ ನಡುವೆ ತಿರುಳನ್ನು ಒಂದೆರಡು ಗಂಟೆ ಹಿಡಿದಿಡುವ ಎತ್ತರದ ಗೋಪುರವಿರುತ್ತದೆ. ಕಿಣ್ವಕ್ಕೆ ಬೇಕಾದ ಸಮಯ ಅಲ್ಲಿ ತಾನಾಗಿ ಸಿಗುವುದರಿಂದ ಹೊಸದಾಗಿ ಬೇಕಾಗುವುದು ಎರಡು ಪಂಪುಗಳು, ಒಂದು ಪಿಎಚ್ ಮಾಪಕ, ಕೆಲವು ಮೀಟರ್ ಕೊಳವೆ. ಆಮ್ಲವನ್ನು ಡ್ರಮ್‌ನ ಕೊನೆಯ ನೀರಿನ ಸಿಂಪರಣೆಯಲ್ಲೇ ಬಿಡಿ. ಕಿಣ್ವವನ್ನು ಅದಾದ ಮೇಲೆ, ತಿರುಳು ಚೂರಾಗಿ ಕಲಸಿಹೋಗುವ ಜಾಗದಲ್ಲಿ, ಗೋಪುರಕ್ಕೆ ಏರಿಸುವ ಪಂಪಿಗಿಂತ ಮೊದಲು ಬಿಡಿ. ಎರಡನ್ನೂ ಒಂದೇ ಜಾಗದಲ್ಲಿ ಬಿಟ್ಟರೆ, ಬೆರೆಯದ ಆಮ್ಲದ ಮಡುವಿನಲ್ಲಿ ಬಿದ್ದ ಕಿಣ್ವ ತಿರುಳನ್ನು ತಲುಪುವ ಮೊದಲೇ ಸಾಯುತ್ತದೆ.

ಆಮ್ಲದ ವಿಷಯದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ತೊಳೆತ ಸರಿಯಾಗಿರದಿದ್ದರೆ ತಿರುಳಿನಲ್ಲಿ ಸೋಡಿಯಂ ಸಲ್ಫೈಡ್ ಉಳಿದಿರುತ್ತದೆ. ಪಿಎಚ್ 7ರತ್ತ ಇಳಿದಂತೆ ಅದು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವವರೆಗೆ ಕಾಯುವುದು ಮೂರ್ಖತನ, ಏಕೆಂದರೆ ಅನಿಲ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. ಗೋಪುರದ ಮೇಲ್ಭಾಗದಲ್ಲೂ ಡ್ರಮ್‌ನ ಮುಚ್ಚಳದ ಬಳಿಯೂ ಅನಿಲ ಸೂಚಕ ಅಳವಡಿಸದೆ ಆಮ್ಲದ ಕವಾಟ ತೆರೆಯಬಾರದು. ಪಿಎಚ್ 8ಕ್ಕಿಂತ ಕೆಳಗೆ ಇಳಿಸದೆ ಕೆಲಸ ಮಾಡುವ ಕಿಣ್ವವನ್ನು ನಾನು ಮೆಚ್ಚುವುದಕ್ಕೆ ಇದೇ ದೊಡ್ಡ ಕಾರಣ. ತೊಳೆತ ಕೆಟ್ಟಿದ್ದರೆ ಇನ್ನೆರಡು ತೊಂದರೆಗಳೂ ಕಾದಿವೆ: ಕಪ್ಪು ದ್ರಾವಣದ ಕರಗಿದ ಲಿಗ್ನಿನ್ ಆಮ್ಲದಿಂದ ಮತ್ತೆ ನಾರಿನ ಮೇಲೆ ಕೂರುತ್ತದೆ, ಮತ್ತು ಆಮ್ಲದ ಬಳಕೆ ಮಿತಿಮೀರುತ್ತದೆ. ಮೊದಲು ತೊಳೆಯುವ ಯಂತ್ರವನ್ನು ಸರಿಪಡಿಸಿ, ಆಮೇಲೆ ಕಿಣ್ವ ತರಿಸಿ.

ಸಿಂಪರಣೆಗೆ ಬಳಸುವ ನೀರು ಎಲ್ಲಿಂದ ಬರುತ್ತದೆಂದೂ ವಿಚಾರಿಸಿ. ನೀರು ಉಳಿಸಲೆಂದು ಬಿಳುಪು ಘಟಕದ ಸೋಸುನೀರನ್ನು ಹಿಂದಕ್ಕೆ ತಂದು ಬಳಸುವ ಗಿರಣಿಗಳಿವೆ. ಅದರಲ್ಲಿ ಕ್ಲೋರಿನ್ ಡೈಆಕ್ಸೈಡ್ ಅಥವಾ ಪೆರಾಕ್ಸೈಡಿನ ಸುಳಿವಿದ್ದರೂ ಸಾಕು, ಪ್ರೋಟೀನು ಆದ ಕಿಣ್ವ ಉಳಿಯುವುದಿಲ್ಲ.

ಮೊದಲ ವಾರ ಏನನ್ನೂ ಬದಲಿಸದೆ ಅಂಕಿಗಳನ್ನಷ್ಟೇ ಕೂಡಿಸಿ: ಕಪ್ಪಾ ಸಂಖ್ಯೆ, ಗೋಪುರದ ಬುಡದಲ್ಲಿ ಪಿಎಚ್ ಮತ್ತು ಉಷ್ಣತೆ, ಕ್ಷಾರ ಹಂತದ ಆಚೆಗಿನ ಕಪ್ಪಾ ಸಂಖ್ಯೆ ಮತ್ತು ಬಿಳುಪು, ಪ್ರತಿ ಹಂತದ ರಾಸಾಯನಿಕ, ಎಒಎಕ್ಸ್. ಎರಡನೆಯ ವಾರ ಕಿಣ್ವ ಶುರುಮಾಡಿ, ಒಂದು ದಿನ ರಾಸಾಯನಿಕವನ್ನು ಹಾಗೆಯೇ ಬಿಟ್ಟು, ಆಮೇಲೆ ಮೊದಲ ಹಂತದ ಕ್ಲೋರಿನ್ ಡೈಆಕ್ಸೈಡನ್ನು ಐದೈದು ಶೇಕಡ ಇಳಿಸುತ್ತ ಬನ್ನಿ. ಪ್ರತಿ ಇಳಿತದ ನಂತರ ಗೋಪುರಗಳಲ್ಲಿರುವ ಹಳೆಯ ತಿರುಳೆಲ್ಲ ಹೊರಹೋಗುವವರೆಗೆ, ಕನಿಷ್ಠ ಒಂದು ಪಾಳಿ, ಕಾಯಬೇಕು. ಆ ಹೊತ್ತಿನಲ್ಲಿ ಕಣ್ಣಿಡಬೇಕಾದ ಅಂಕಿ ಕ್ಷಾರ ಹಂತದ ಆಚೆಗಿನ ಕಪ್ಪಾ ಸಂಖ್ಯೆ. ಕಡಿಮೆ ರಾಸಾಯನಿಕದಲ್ಲೂ ಅದು ಮೊದಲಿನಷ್ಟೇ ಇದ್ದರೆ ಕಿಣ್ವ ದುಡಿಯುತ್ತಿದೆ. ಅದು ಏರತೊಡಗಿದರೆ, ಎರಡನೆಯ ಹಂತದಲ್ಲಿ ಹೆಚ್ಚು ಸುರಿದು ಸರಿದೂಗಿಸುವ ಆಸೆಗೆ ಬೀಳದೆ ಒಂದು ಮೆಟ್ಟಿಲು ಹಿಂದೆ ಬನ್ನಿ.

ಪಾಳಿಯ ಮೇಲ್ವಿಚಾರಕರನ್ನು ಮೊದಲೇ ವಿಶ್ವಾಸಕ್ಕೆ ತೆಗೆದುಕೊಳ್ಳದಿದ್ದರೆ ಇದೆಲ್ಲ ನೀರ ಮೇಲಿನ ಹೋಮ. ಬಿಳುಪು ಕಡಿಮೆಯಾದರೆ ದೂರು ಅವರ ತಲೆಗೆ ಬರುತ್ತದೆ, ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ರಾತ್ರಿ ಪಾಳಿಯಲ್ಲಿ ಕವಾಟ ಮತ್ತೆ ಹಳೆಯ ಜಾಗಕ್ಕೆ ತಿರುಗುವುದು ಸಹಜ. ಬಿಳುಪಿಗೆ ಕೆಳಗಿನ ಮಿತಿಯ ಜೊತೆ ಮೇಲಿನ ಮಿತಿಯನ್ನೂ ಬರೆದು ಹಾಕುವುದು ನನಗೆ ತಿಳಿದ ಸರಳ ಮದ್ದು.

ಕೊನೆಗೆ ಒಂದು ದಿನ ಕಿಣ್ವದ ಪಂಪನ್ನು ನಿಲ್ಲಿಸಿ, ರಾಸಾಯನಿಕವನ್ನು ತಗ್ಗಿದ ಮಟ್ಟದಲ್ಲೇ ಇಟ್ಟು ನೋಡಿ. ಬಿಳುಪು ಕುಸಿದರೆ ಉಳಿತಾಯ ಕಿಣ್ವದ್ದೇ. ಕುಸಿಯದಿದ್ದರೆ ನೀವು ಮೊದಲಿನಿಂದಲೂ ಹೆಚ್ಚು ರಾಸಾಯನಿಕ ಸುರಿಯುತ್ತಿದ್ದಿರಿ ಎಂದರ್ಥ. ಅದೂ ತಿಳಿಯಬೇಕಾದ ವಿಷಯವೇ, ಕಿಣ್ವ ಮಾರುವವರು ಮಾತ್ರ ಅದನ್ನು ಇಷ್ಟಪಡಲಾರರು.

ತ್ಯಾಜ್ಯನೀರಿನ ಲೆಕ್ಕ

ಎಒಎಕ್ಸ್ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಗಾಳಿಗೆ ಜಾಗವಿಲ್ಲದಂತೆ ತುಂಬಿ, ಉಳಿದ ಉತ್ಕರ್ಷಕವನ್ನು ಸೋಡಿಯಂ ಸಲ್ಫೈಟ್‌ನಿಂದ ತಟಸ್ಥಗೊಳಿಸಿ, ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕೆ ಇಳಿಸಿ, ತಂಪಿನಲ್ಲಿಡಬೇಕು. ಉತ್ಕರ್ಷಕವನ್ನು ತಟಸ್ಥಗೊಳಿಸದಿದ್ದರೆ ಅದು ಬಾಟಲಿಯೊಳಗೇ ಹೊಸ ಕ್ಲೋರಿನ್ ಸಂಯುಕ್ತಗಳನ್ನು ಹುಟ್ಟಿಸುತ್ತ ಹೋಗುತ್ತದೆ. ಅಂಕಿಯನ್ನು ಲೀಟರಿಗೆ ಮಿಲಿಗ್ರಾಂ ಎಂದಷ್ಟೇ ಬರೆದಿಟ್ಟರೆ ಸಾಲದು, ನೀರಿನ ಹರಿವಿನಿಂದ ಗುಣಿಸಿ ಟನ್ ತಿರುಳಿಗೆ ಎಷ್ಟು ಕಿಲೋ ಎಂದು ಬರೆಯಿರಿ. ನೀರನ್ನು ಹೆಚ್ಚು ಬಿಟ್ಟರೆ ಲೀಟರಿನ ಅಂಕಿ ಇಳಿಯುತ್ತದೆ, ನದಿಗೆ ಹೋಗುವ ಹೊರೆ ಇಳಿಯುವುದಿಲ್ಲ.

ಕಿಣ್ವ ಎಲ್ಲ ಅಂಕಿಗಳನ್ನೂ ಇಳಿಸುತ್ತದೆಂದು ಹೇಳುವವರನ್ನು ನಂಬಬೇಡಿ. ಕರಗಿದ ಕ್ಸೈಲಾನ್ ಸಕ್ಕರೆಯೇ ಆದ್ದರಿಂದ ಕಿಣ್ವದ ಹಂತದ ಸೋಸುನೀರಿನಲ್ಲಿ ಸಿಒಡಿ ಮತ್ತು ಬಿಒಡಿ (ನೀರಿನ ಸಾವಯವ ವಸ್ತು ರಾಸಾಯನಿಕವಾಗಿ ಮತ್ತು ಸೂಕ್ಷ್ಮಜೀವಿಗಳ ಮೂಲಕ ಒಡೆಯಲು ಬೇಕಾದ ಆಮ್ಲಜನಕದ ಅಳತೆಗಳು) ಏರುತ್ತವೆ. ಒಂದು ಕಿಲೋ ಕ್ಸೈಲಾನ್ ಪೂರ್ತಿ ಉರಿಯಲು ಸುಮಾರು 1.2 ಕಿಲೋ ಆಮ್ಲಜನಕ ಬೇಕು, ತಿರುಳಿನ ಶೇ. 1ರಷ್ಟು ಕರಗಿದರೆ ಟನ್ನಿಗೆ 10 ಕಿಲೋ ಕ್ಸೈಲಾನ್, ಅಂದರೆ 12 ಕಿಲೋ ಸಿಒಡಿ. ಜೈವಿಕ ಶುದ್ಧೀಕರಣದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಈ ಸಕ್ಕರೆಯನ್ನು ಸಲೀಸಾಗಿ ತಿಂದುಬಿಡುತ್ತವೆ, ಕ್ಲೋರಿನ್ ಸಂಯುಕ್ತಗಳ ಹಾಗೆ ಅದು ವರ್ಷಗಟ್ಟಲೆ ಉಳಿಯುವುದಿಲ್ಲ ಎಂಬುದು ಸಮಾಧಾನ. ಆದರೂ ತೊಟ್ಟಿಗೆ ಗಾಳಿ ಊದುವ ಯಂತ್ರಕ್ಕೆ ಆ ಹೊರೆ ತಾಳುವ ಶಕ್ತಿಯಿದೆಯೇ ಎಂದು ಮೊದಲೇ ನೋಡಬೇಕು. ಗೋಪುರದ ಆಚೆ ತಿರುಳನ್ನು ಹಿಂಡುವ ಯಂತ್ರವಿದ್ದರೆ, ಆ ಸೋಸುನೀರನ್ನು ಕಂದು ತಿರುಳಿನ ತೊಳೆತಕ್ಕೆ ಹಿಂದಿರುಗಿಸಿ, ಕಪ್ಪು ದ್ರಾವಣದೊಂದಿಗೆ ಬಾಯ್ಲರಿನಲ್ಲಿ ಸುಡುವುದು ಎಲ್ಲಕ್ಕಿಂತ ಉತ್ತಮ. ಅದಕ್ಕೂ ಪಿಎಚ್ ಹೆಚ್ಚು ಇಳಿಸದ ಕಿಣ್ವವೇ ಬೇಕು.

ಇನ್ನು ದಿನನಿತ್ಯದ ಜೋಪಾನ. ಕಿಣ್ವದ ಧೂಳು ಅಥವಾ ತುಂತುರು ಉಸಿರಿಗೆ ಹೋದರೆ ಕೆಲವರಿಗೆ ಅಲರ್ಜಿ ಹುಟ್ಟಿ ಆಸ್ತಮಾ ಆಗಬಹುದು. ಪುಡಿಯ ಬದಲು ದ್ರವವನ್ನೇ ಕೊಳ್ಳಿ, ಚೆಲ್ಲಿದರೆ ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯ ಕೊಳವೆಯಿಂದ ಊದಬೇಡಿ. ಡ್ರಮ್‌ಗಳನ್ನು ನೆರಳಿನಲ್ಲಿ, ಸಾಧ್ಯವಾದರೆ 25 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಡಿ. ಮರದ ಜಾತಿ ಬದಲಾದಾಗ ಪ್ರಯೋಗಾಲಯದ ಚೀಲಗಳಿಗೆ ಮರಳಿ ಹೋಗಬೇಕು, ಏಕೆಂದರೆ ಸೂಚಿಪರ್ಣ ಮರಗಳ ತಿರುಳಿನಲ್ಲಿ ಕ್ಸೈಲಾನ್ ಕಡಿಮೆಯಾಗಿ ಉಳಿತಾಯವೂ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಹಾಗೆಯೇ ಹೊಸ ಡ್ರಮ್ ಬಂದಾಗಲೆಲ್ಲ ಅದರಿಂದ ಒಂದು ಹನಿ ತೆಗೆದು, ನಿಮ್ಮ ಗೋಪುರದ ಪಿಎಚ್ ಮತ್ತು ಉಷ್ಣತೆಯಲ್ಲಿ ಬಲ ಅಳೆದು, ಹಳೆಯ ಡ್ರಮ್‌ನ ಅಂಕಿಯ ಪಕ್ಕದಲ್ಲಿ ಬರೆದಿಟ್ಟ ಮೇಲೆಯೇ ಪಂಪಿಗೆ ಜೋಡಿಸಿ.